ಎದೆಯೊಡೆದ ಮೇಲೆ ಸರಳೆ ವರಸೆ

ಲಿಂಗರಾಜಪುರದಲ್ಲಿ ಶನಿವಾರದ ಸಂಜೆಯೆಂದರೆ ಇಡೀ ಬಡಾವಣೆಯೇ ಹಾಡಿನ ತಾಲೀಮಿಗೆ ಕುಳಿತಂತೆ. ಒಂದು ಬೀದಿಯಲ್ಲಿ ಮರುದಿನದ ಪ್ರಾರ್ಥನೆಗೆ ತಮಿಳು ಗೀತೆಗಳನ್ನು ಅಭ್ಯಾಸ ಮಾಡುವ ಚರ್ಚಿನ ಗಾಯಕರು, ಅದರ ಹಿಂದಿನ ಬೀದಿಯಲ್ಲಿ ಭಜನೆ, ಕಾಕ್ಸ್‌ಟೌನ್ ಕಡೆಗೆ ನಡೆದರೆ ಯಾವುದೋ ಹಳೆಯ ಮನೆಯ ಕಿಟಕಿಯಿಂದ ತಡವರಿಸುತ್ತಾ ಬರುವ ಪಿಯಾನೋ. ನಡುನಡುವೆ ಇವೆಲ್ಲವನ್ನೂ ಒಂದೇ ಸಲಕ್ಕೆ ನುಂಗಿಬಿಡುವ ರೈಲು. 2007ರ ಜೂನ್ ತಿಂಗಳ ಅಂಥದೊಂದು ಶನಿವಾರ, ಇಪ್ಪತ್ತೊಂಬತ್ತು ವರ್ಷದ ನಾನು, ಮೇಲ್ಸೇತುವೆಗೆ ಸಮೀಪದ ಅಡ್ಡರಸ್ತೆಯ ಮನೆಯೊಂದರಲ್ಲಿ, ಎಂಟು-ಒಂಬತ್ತು ವರ್ಷದ ಮಕ್ಕಳ ಸಾಲಿನ ಕೊನೆಗೆ ಚಾಪೆಯ ಮೇಲೆ ಕುಳಿತು ಷಡ್ಜ ಹಾಡಲು ಬಾಯಿ ತೆರೆದೆ. ದನಿ ಬರಲಿಲ್ಲ. ಮಕ್ಕಳೆಲ್ಲ ತಿರುಗಿ ನೋಡಿದರು. ಒಂದು ಮಗು ಕಿಸಕ್ಕನೆ ನಕ್ಕಿತು. ನಾನು ಅತ್ತುಬಿಟ್ಟೆ.

ಪಾಠ ಹೇಳುತ್ತಿದ್ದವರು ಅರವತ್ತು ದಾಟಿದ ಹೆಂಗಸು. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಅವರು ಏಳಲೂ ಇಲ್ಲ, ನೀರು ತಂದುಕೊಡಲೂ ಇಲ್ಲ. "ಅಳು ಬಂದ್ರೆ ಅತ್ತುಬಿಡು ಮಗೂ. ಶ್ರುತಿಪೆಟ್ಟಿಗೆ ಮಾತ್ರ ನಿಲ್ಲಿಸ್ಬೇಡ" ಎಂದು ಹೇಳಿ ಮಕ್ಕಳ ಪಾಠ ಮುಂದುವರಿಸಿದರು.

ಅಳುವಿನ ಕಾರಣವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಓದುಗರಲ್ಲಿ ಹಲವರಿಗೆ ಅದು ತಮ್ಮದೇ ಅನುಭವವಾಗಿರಬಹುದು. ಆರು ವರ್ಷಗಳ ಒಡನಾಟ, ಎರಡೂ ಮನೆಗಳಲ್ಲಿ ಅರ್ಧ ಗೊತ್ತು ಅರ್ಧ ಗೊತ್ತಿಲ್ಲವೆಂಬಂತಿದ್ದ ಸಂಬಂಧ. ಆ ವರ್ಷದ ಮಾರ್ಚಿಯಲ್ಲಿ ಕೋಲ್ಸ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು, "ಮನೆಯಲ್ಲಿ ಒಪ್ಪುತ್ತಿಲ್ಲ" ಎಂದು ಆತ ಹೇಳಿದ. ಒಪ್ಪಿಸುವ ಪ್ರಯತ್ನವೇ ನಡೆದಿರಲಿಲ್ಲವೆಂಬುದು, ಮೇ ತಿಂಗಳಲ್ಲಿ ಲಗ್ನಪತ್ರಿಕೆ ಬೇರೆಯವರ ಕೈಯಿಂದ ನನ್ನ ಕೈಗೆ ಬಂದಾಗ ತಿಳಿಯಿತು. ಹಾಸನದಿಂದ ಅಮ್ಮ ದಿನವೂ ಫೋನು ಮಾಡಿ "ಕೆಲಸ ಬಿಟ್ಟು ಊರಿಗೆ ಬಂದುಬಿಡು" ಎನ್ನುತ್ತಿದ್ದಳು.

ಆದರೆ ಕಳೆದುಹೋದದ್ದು ಆತ ಮಾತ್ರವಾಗಿರಲಿಲ್ಲ. ಆರು ವರ್ಷಗಳಲ್ಲಿ ನಾನು ನನ್ನನ್ನು ಆತನ ಕಣ್ಣಿನಿಂದಲೇ ನೋಡಲು ಕಲಿತಿದ್ದೆ. ಉಟ್ಟ ಸೀರೆ, ಆಡಿದ ಮಾತು, ನಕ್ಕ ನಗು ಎಲ್ಲಕ್ಕೂ ಆತನ ಒಪ್ಪಿಗೆಯ ಮುದ್ರೆ ಬೇಕಿತ್ತು. ಅಜ್ಜಿಯೊಂದಿಗೆ ಹಸೆಗೆ ಕರೆಯುವ ಹಾಡು ಹೇಳುತ್ತಾ ಬೆಳೆದವಳು ನಾನು. ಗೆಳತಿಯೊಬ್ಬಳ ಮದುವೆಯಲ್ಲಿ ಹಾಗೊಂದು ಹಾಡು ಹೇಳಿ ಬಂದಾಗ ಆತ ನಗುತ್ತಲೇ ಅಂದಿದ್ದ: "ನಿನ್ನ ದನಿ ಸ್ವಲ್ಪ ಗಡಸು, ಅಲ್ವಾ?" ಕೆಟ್ಟ ಮನಸ್ಸಿನಿಂದ ಅಂದದ್ದಲ್ಲವೆಂದು ಈಗಲೂ ನಂಬಿದ್ದೇನೆ. ಆದರೆ ಅದಾದ ನಾಲ್ಕು ವರ್ಷ ನಾನು ಅಡುಗೆಮನೆಯಲ್ಲಿಯೂ ಹಾಡಲಿಲ್ಲ. ಈಗ ಮುದ್ರೆ ಒತ್ತುವವನೇ ಎದ್ದುಹೋದ ಮೇಲೆ ಉಳಿದದ್ದು ಏನೆಂದು ತಿಳಿಯದಾಯಿತು. ಕಚೇರಿಯ ಸಭೆಗಳಲ್ಲಿ ಮಾತನಾಡುವುದು ನಿಂತಿತು. ಬಸ್ಸಿನಲ್ಲಿ ನಿಲ್ದಾಣದ ಹೆಸರು ಹೇಳಿ ಟಿಕೆಟ್ಟು ಕೇಳಲೂ ಎರಡೆರಡು ಸಲ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಸಂಗೀತ ಸಂತೈಸುತ್ತದೆ ಎನ್ನುತ್ತಾರೆ. ಆ ದಿನಗಳಲ್ಲಿ ನನ್ನನ್ನು ಹೆಚ್ಚು ಕೆಡಿಸಿದ್ದು ಸಂಗೀತವೇ. ಅದು 'ಮುಂಗಾರು ಮಳೆ'ಯ ಕಾಲ. 2006ರ ಕೊನೆಗೆ ಬಂದ ಆ ಚಿತ್ರದ ಹಾಡುಗಳು ಎಫ್‌ಎಂ ವಾಹಿನಿಗಳಲ್ಲಿ, ಆಟೋಗಳಲ್ಲಿ, ದರ್ಶಿನಿಗಳಲ್ಲಿ ಹಗಲಿರುಳೂ ಸುರಿಯುತ್ತಿದ್ದವು. ಒಳ್ಳೆಯ ಹಾಡುಗಳೇ, ಅವುಗಳ ಮೇಲೆ ನನಗೆ ಮುನಿಸಿಲ್ಲ. ಆದರೆ ನೊಂದವರಿಗೆ ಸಿನಿಮಾ ಹಾಡು ಮಾಡುವ ಉಪಕಾರ ವಿಚಿತ್ರವಾದದ್ದು. ನಮ್ಮ ದುಃಖಕ್ಕೆ ಅದು ಚೆಂದದ ಅಂಗಿ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸುತ್ತದೆ. ನೋಡಿಕೊಳ್ಳುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ರಾತ್ರಿ ಎರಡು ಗಂಟೆಯವರೆಗೆ ರೇಡಿಯೊ ಹಾಕಿಕೊಂಡು ಮಲಗಿರುತ್ತಿದ್ದ ನನ್ನನ್ನು ಕಡೆಗೆ ಎಬ್ಬಿಸಿದ್ದು ಕೆಳಗಿನ ಮನೆಯ ಒಡತಿ. ತಮಿಳು ಮಾತೃಭಾಷೆಯ, ಚರ್ಚಿನಲ್ಲಿ ಹಾಡುವ ಆಂಟಿ. "ರೇಡಿಯೊ ಹಾಕ್ಕೊಂಡು ಅಳೋದು ಎಷ್ಟು ದಿವಸ ಅಮ್ಮಾ? ಆ ಕಡೆ ಕ್ರಾಸಲ್ಲಿ ಪಾಟು ಹೇಳ್ಕೊಡ್ತಾರೆ, ಹೋಗು" ಎಂದು ತಾವೇ ಕೈಹಿಡಿದು ಕರೆದೊಯ್ದು ಬಿಟ್ಟುಬಂದರು. ತಿಂಗಳಿಗೆ ಮುನ್ನೂರು ರೂಪಾಯಿ ಎಂಬುದನ್ನೂ ಅವರೇ ಮಾತಾಡಿದರು.

ಮೊದಲ ಹದಿನೈದು ದಿನ ಷಡ್ಜವೊಂದೇ. ಆಮೇಲೆ ಸರಳೆ ವರಸೆ. ಕರ್ನಾಟಕ ಸಂಗೀತ ಕಲಿತವರಿಗೆಲ್ಲ ಗೊತ್ತಿರುವಂತೆ, ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಈ ಪಾಠಕ್ರಮ ಆರಂಭವಾಗುವುದು ಹದಿನೈದನೆಯ ಮೇಳವಾದ ಮಾಯಾಮಾಳವಗೌಳದಲ್ಲಿ. ಆದಿತಾಳದ ಎಂಟು ಎಣಿಕೆಗೆ ಏಳು ಸ್ವರಗಳು ಮೇಲೇರಿ ತಾರಷಡ್ಜ ಮುಟ್ಟಬೇಕು, ಇನ್ನೊಂದು ಎಂಟಕ್ಕೆ ಇಳಿಯಬೇಕು. ಮೊದಲು ನಿಧಾನ, ಆಮೇಲೆ ಅದರ ಎರಡರಷ್ಟು, ಆಮೇಲೆ ನಾಲ್ಕರಷ್ಟು ವೇಗ. ಸಾಹಿತ್ಯವಿಲ್ಲ, ಭಾವವಿಲ್ಲ, ನಾಯಕನಿಲ್ಲ, ನಾಯಿಕೆಯೂ ಇಲ್ಲ. ನನ್ನ ದುಃಖ ಇಣುಕಿ ನೋಡಲು ಅಲ್ಲೊಂದು ಕಿಂಡಿಯೂ ಇರಲಿಲ್ಲ. ಕೈ ತಾಳ ತಪ್ಪಿದರೆ ತಪ್ಪಿತು, ಸ್ವರ ಜಾರಿದರೆ ಜಾರಿತು; ಅದಕ್ಕೆ ನನ್ನ ಮಾರ್ಚಿ ತಿಂಗಳು ಕಾರಣವೆಂದರೆ ಕೇಳುವವರಿಲ್ಲ. ದಿನಕ್ಕೆ ಒಂದು ಗಂಟೆ ನಾನು ಆತನನ್ನು ನೆನೆಯಲಿಲ್ಲ. ಮರೆಯಬೇಕೆಂದು ಹಟ ಹಿಡಿದದ್ದರಿಂದಲ್ಲ. ನೆನೆದರೆ ತಾಳ ತಪ್ಪುತ್ತಿತ್ತು, ಅಷ್ಟೇ.

ಕಷ್ಟ ಎದುರಾದದ್ದು ಋಷಭದಲ್ಲಿ. ಈ ರಾಗದ ಶುದ್ಧ ಋಷಭ ಷಡ್ಜಕ್ಕೆ ತೀರ ಹತ್ತಿರದ ನೆರೆಮನೆ. ಅದರಿಂದ ಮುಂದಿನ ಅಂತರ ಗಾಂಧಾರಕ್ಕೆ ಹೋಗಬೇಕಾದರೆ ದೊಡ್ಡದೊಂದು ನೆಗೆತ. ಷಡ್ಜ ಬಿಟ್ಟು ಹೊರಟ ನನ್ನ ದನಿ ಋಷಭದಲ್ಲಿ ನಿಲ್ಲಲಾರದೆ ಮತ್ತೆ ಷಡ್ಜದ ಮಡಿಲಿಗೇ ಕುಸಿಯುತ್ತಿತ್ತು. ವಾರಗಟ್ಟಲೆ ಹೀಗೆ. ಒಂದು ದಿನ ಅಮ್ಮ ತಾಳ ನಿಲ್ಲಿಸಿ ಹೇಳಿದರು: "ಅದಕ್ಕೆ ಒರಗ್ಬೇಡ. ಅದರ ಪಕ್ಕದಲ್ಲಿ ನಿಂತ್ಕೋ." ಅವರು ಹೇಳಿದ್ದು ಸ್ವರದ ಮಾತನ್ನೇ, ನನ್ನ ಕಥೆ ಅವರಿಗೆ ಆಗ ಗೊತ್ತಿರಲಿಲ್ಲ. ಮನೆಗೆ ನಡೆದು ಬರುವಾಗ ಮೇಲ್ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದೆ.

ಆ ಕೋಣೆಯ ಗೋಡೆಯ ಮೇಲೆ ಮೂರು ಪಟಗಳಿದ್ದವು. ಒಂದು ಪುರಂದರದಾಸರದು, ಇನ್ನೊಂದು ತ್ಯಾಗರಾಜರದು. ಮೂರನೆಯದು ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಹೆಂಗಸೊಬ್ಬರ ಕಪ್ಪು-ಬಿಳುಪು ಚಿತ್ರ. ಯಾರೆಂದು ಕೇಳಿದೆ. "ನಮ್ಮೂರಿನವರೇ. ಹೆಸರಲ್ಲೇ ಊರಿದೆ" ಎಂದರು ಅಮ್ಮ. ಬೆಂಗಳೂರು ನಾಗರತ್ನಮ್ಮ. ಸಂಗೀತಗಾರರಿಗೆ ಈ ಹೆಸರು ಹೊಸದಲ್ಲ. ನನಗೆ ಹೊಸದಾಗಿತ್ತು, ಬೆಂಗಳೂರಿನಲ್ಲಿದ್ದೂ ಹೊಸದಾಗಿತ್ತೆಂದು ಈಗ ನಾಚಿಕೆಯಾಗುತ್ತದೆ. ಮುಂದಿನ ಕೆಲವು ತಿಂಗಳು ನಾನು ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಕುಲದವರು. ತಂದೆಯೆನಿಸಿಕೊಂಡ ವಕೀಲ ತಾಯಿ-ಮಗಳಿಬ್ಬರನ್ನೂ ಕೈಬಿಟ್ಟ. ಮೈಸೂರಿನಲ್ಲಿ ಸಂಸ್ಕೃತ ಮತ್ತು ಸಂಗೀತ ಕಲಿಸಲು ಮುಂದಾದ ವಿದ್ವಾಂಸರೂ, ಹುಡುಗಿ ಬೇಗಬೇಗ ಮೇಲೇರುತ್ತಿರುವಾಗಲೇ ಪಾಠ ನಿಲ್ಲಿಸಿದರು. ಕೈಬಿಡುವಿಕೆಯ ಮೇಲೆ ಕೈಬಿಡುವಿಕೆ. ಪುಟ್ಟಲಕ್ಷ್ಮಿ ಆಗ ಮಾಡಿದ್ದನ್ನು ಗಮನಿಸಬೇಕು. ಆಕೆ ಕಾಲು ಹಿಡಿಯಲು ಹೋಗಲಿಲ್ಲ. ಮಗಳನ್ನು ವಿದುಷಿಯನ್ನಾಗಿ ಮಾಡಿಯೇ ಮೈಸೂರಿಗೆ ಮರಳುವೆನೆಂದು ಪಣ ತೊಟ್ಟು ಊರು ಬಿಟ್ಟರು. ಕಡೆಗೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಂಥ ಗುರು ದೊರೆತರು. ಅವರದು ವಾಲಾಜಪೇಟೆಯ ಮೂಲಕ ನೇರವಾಗಿ ತ್ಯಾಗರಾಜರಿಗೆ ಸೇರುವ ಶಿಷ್ಯಪರಂಪರೆ. ಹದಿನೈದರ ಹೊತ್ತಿಗೆ ಹುಡುಗಿ ವಿದ್ವಾಂಸರ ಸಭೆಯಲ್ಲಿ ಹಾಡಿದ್ದಾಯಿತು.

ಆಮೇಲೆ ಆಕೆಯ ಬದುಕಿನಲ್ಲಿ ಮೈಸೂರು ಸಂಸ್ಥಾನದ ನ್ಯಾಯಾಧೀಶ ನರಹರಿರಾಯರು ಬಂದರು. ಹನುಮಂತನಗರದ ಗುಡ್ಡವನ್ನು ಹಳಬರು ನರಹರಿರಾಯನ ಗುಡ್ಡವೆಂದು ಕರೆಯುತ್ತಿದ್ದುದು ಅವರ ಹೆಸರಿನಿಂದಲೇ. ಮದುವೆಯಲ್ಲಿ ಮುಗಿಯುವ ಸ್ನೇಹ ಅದಲ್ಲ. ಅಂದಿನ ಸಮಾಜದಲ್ಲಿ ದೇವದಾಸಿ ಕುಲದ ಗಾಯಕಿಗೆ ಆ ದಾರಿ ತೆರೆದಿರಲೂ ಇಲ್ಲ. ಆಕೆ ಮದರಾಸಿಗೆ ಹೊರಟರು. ಅಲ್ಲಿ ಸ್ವಂತ ದುಡಿಮೆಯಿಂದ, ಕಛೇರಿಯ ಮೇಲೆ ಕಛೇರಿ ಮಾಡಿ, ಆದಾಯ ತೆರಿಗೆ ಕಟ್ಟುವಷ್ಟು ಗಳಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಗಳಿಕೆಯ ಕಥೆಯಲ್ಲ, ಒಂದು ಪುಸ್ತಕದ ಕಥೆ. ಹದಿನೆಂಟನೆಯ ಶತಮಾನದ ತಂಜಾವೂರಿನಲ್ಲಿ, ಪ್ರತಾಪಸಿಂಹನ ಆಸ್ಥಾನದಲ್ಲಿ, ಮುದ್ದುಪಳನಿ ಎಂಬ ಕವಯಿತ್ರಿಯಿದ್ದಳು. ಆಕೆಯೂ ದೇವದಾಸಿಯೇ. ತೆಲುಗಿನಲ್ಲಿ ಆಕೆ ಬರೆದ 'ರಾಧಿಕಾ ಸಾಂತ್ವನಮು' ಹೆಸರೇ ಹೇಳುವಂತೆ ರಾಧೆಯನ್ನು ಸಂತೈಸುವ ಕಾವ್ಯ. ತಾನೇ ಸಾಕಿ ಬೆಳೆಸಿದ ಇಳೆಯೆಂಬ ಹುಡುಗಿಯನ್ನು ಕೃಷ್ಣನಿಗೆ ಒಪ್ಪಿಸಿದ ರಾಧೆ, ಆಮೇಲೆ ಆತ ಅವಳಲ್ಲೇ ಮೈಮರೆತಾಗ ಬೇಯುತ್ತಾಳೆ, ಸಿಡಿಯುತ್ತಾಳೆ. ಕಡೆಗೆ ಕೃಷ್ಣನೇ ಬಂದು ರಮಿಸಬೇಕಾಗುತ್ತದೆ. ನೊಂದ ಹೆಣ್ಣಿನ ಬಾಯಿಗೆ ಮುದ್ದುಪಳನಿ ಬರೀ ಕಣ್ಣೀರನ್ನಲ್ಲ, ಸಿಟ್ಟನ್ನೂ ಬಯಕೆಯನ್ನೂ ಕೊಟ್ಟಳು. ನಾಗರತ್ನಮ್ಮನವರ ಕೈಗೆ ಮೊದಲು ಸಿಕ್ಕ ಮುದ್ರಿತ ಪ್ರತಿ ಅಂಗಹೀನವಾಗಿತ್ತು. ಕೆಲವು ಪದ್ಯಗಳಿಲ್ಲ, ಕವಯಿತ್ರಿ ತನ್ನ ಕುಲದ ಹೆಂಗಸರನ್ನು ನೆನೆದ ಪೀಠಿಕೆಯೂ ಇಲ್ಲ. ಆಕೆ ಹಸ್ತಪ್ರತಿ ಹುಡುಕಿಸಿ, ತಾವೇ ಸಂಪಾದಿಸಿ, 1910ರಲ್ಲಿ ಇಡಿಯಾಗಿ ಪ್ರಕಟಿಸಿದರು. ಈ ಕಾವ್ಯವನ್ನು ಅಶ್ಲೀಲವೆಂದು ಜರೆದವರಲ್ಲಿ ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೂ ಇದ್ದರು. ಗಂಡಸರು ಬರೆದಾಗ ಶೃಂಗಾರವೆನಿಸುವುದು ಹೆಂಗಸು ಬರೆದಾಗ ಮಾತ್ರ ಅಸಭ್ಯವಾಗುವುದು ಹೇಗೆಂದು ನಾಗರತ್ನಮ್ಮ ಮುನ್ನುಡಿಯಲ್ಲೇ ಪ್ರಶ್ನಿಸಿದರು. 1911ರಲ್ಲಿ ಸರಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯ ಬಂದ ಹೊತ್ತಿಗೆ, ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ.

ತಿರುವಯ್ಯಾರಿನ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂದು ತಿಳಿದು ಆಕೆ ಒಡವೆಗಳನ್ನು ಮಾರಿ, ಜಾಗ ಕೊಂಡು, 1921ರಲ್ಲಿ ಅಡಿಗಲ್ಲು ಹಾಕಿಸಿ 1925ರಲ್ಲಿ ಗುಡಿಯ ಪ್ರತಿಷ್ಠೆ ಮಾಡಿಸಿದರು. ಆಮೇಲೆ ನಡೆದದ್ದಾದರೂ ಏನು? ಆರಾಧನೆ ನಡೆಸುತ್ತಿದ್ದ ಗಂಡಸರ ಎರಡು ಬಣಗಳೂ, ಅದೇ ಗುಡಿಯ ಮುಂದೆ ಹೆಂಗಸರು ಹಾಡುವಂತಿಲ್ಲ ಎಂದವು. ಆಕೆ ಹೆಂಗಸರನ್ನೆಲ್ಲ ಕಲೆಹಾಕಿ ಗುಡಿಯ ಹಿಂಬದಿಯಲ್ಲಿ ತಮ್ಮದೇ ಆರಾಧನೆ ಆರಂಭಿಸಿದರು. ಗಂಡಸರ ಬಣಗಳಿಗೂ ಹೆಂಗಸರ ಬಣಕ್ಕೂ ಒಂದೇ ವೇದಿಕೆಯಾಗಲು 1940ರ ಸುಮಾರಿನವರೆಗೆ ಕಾಯಬೇಕಾಯಿತು.

ನನ್ನದು ಯಾವ ಮಹಾ ದುಃಖ ಎಂದು ಇದನ್ನೆಲ್ಲ ಓದಿ ನಾಚಿಕೊಂಡೆನೆಂದರೆ ಸುಳ್ಳಾದೀತು. ದುಃಖಗಳನ್ನು ತಕ್ಕಡಿಯಲ್ಲಿಟ್ಟು ತೂಗಿ, ಹಗುರವಾದದ್ದನ್ನು ಬಿಸಾಡಲು ಬರುವುದಿಲ್ಲ. ನನಗೆ ಕಂಡದ್ದು ಬೇರೆ. ಕೈಬಿಟ್ಟವರ ಕಡೆಗೆ ಆಕೆ ಮುಖ ಮಾಡಿ ಹಾಡಲಿಲ್ಲ. ನೋಡು, ನಾನೀಗ ಎಷ್ಟು ದೊಡ್ಡವಳಾದೆನೆಂದು ತೋರಿಸುವ ಹಂಬಲ ತಾಯಿಗೆ ಇದ್ದಿರಬಹುದು. ಮಗಳು ಮುಖ ಮಾಡಿದ್ದು ಮಾತ್ರ, ತಾನು ಕಂಡೇ ಇರದ, ತಾನು ಹುಟ್ಟುವ ಮೂವತ್ತೊಂದು ವರ್ಷಕ್ಕೆ ಮೊದಲೇ ತೀರಿಕೊಂಡಿದ್ದ ವಾಗ್ಗೇಯಕಾರನ ಕಡೆಗೆ. ಆ ವರ್ಷವೆಲ್ಲ ನನ್ನ ಮನಸ್ಸಿನೊಳಗೆ ಒಂದು ಗುಟ್ಟಿನ ಆಸೆಯಿತ್ತು: ಚೆನ್ನಾಗಿ ಹಾಡಲು ಕಲಿತು ಎಂದಾದರೊಂದು ದಿನ ಆತನ ಕಿವಿಗೆ ಬೀಳಬೇಕು, ಆತ ಮರುಗಬೇಕು. ಅದು ಎಷ್ಟು ಸಣ್ಣ ಆಸೆಯೆಂದು ತಿಳಿದ ಮೇಲೂ ಬಿಡಲು ಬಹಳ ದಿನ ಬೇಕಾಯಿತು.

ಸಂಗೀತ ಚಿಕಿತ್ಸೆಯ ಹೆಸರಿನಲ್ಲಿ ಈ ರಾಗ ರಕ್ತದೊತ್ತಡಕ್ಕೆ, ಆ ರಾಗ ನಿದ್ರಾಹೀನತೆಗೆ ಎಂದು ಪಟ್ಟಿ ಹಂಚುವವರಿದ್ದಾರೆ. ನನಗೆ ಆ ಪಟ್ಟಿಗಳಲ್ಲಿ ನಂಬಿಕೆಯಿಲ್ಲ. ಊಟ-ನಿದ್ದೆ ಬಿಟ್ಟು ಬದುಕೇ ಬೇಡವೆನ್ನುವ ಸ್ಥಿತಿಗೆ ಹೋದವರು ಮೊದಲು ಕಾಣಬೇಕಾದುದು ವೈದ್ಯರನ್ನು. ನಿಮ್ಹಾನ್ಸ್ ಇರುವ ಊರಿನಲ್ಲಿ ಅದಕ್ಕೆ ಸಂಕೋಚಪಡಬೇಕಿಲ್ಲ. ಹಾಡುವವರಿಗೆ ನಿಶ್ಚಯವಾಗಿ ಆಗುವುದು ತೀರ ಸರಳವಾದದ್ದು. ಮೂರನೆಯ ಕಾಲದಲ್ಲಿ ಒಂದಿಡೀ ಆವರ್ತ ಹಾಡಬೇಕಾದರೆ ಉಸಿರನ್ನು ಹೊಟ್ಟೆಯಿಂದ ಎಳೆದು, ಲೆಕ್ಕವಿಟ್ಟು ಬಿಡಬೇಕು. ಬೆನ್ನು ನೆಟ್ಟಗಿರಬೇಕು. ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳಬೇಕು, ಅದೂ ಹೊಗಳಿಕೆ-ತೆಗಳಿಕೆಗಳಿಲ್ಲದೆ, ಶ್ರುತಿಗೆ ಸೇರಿತೇ ಇಲ್ಲವೇ ಎಂದಷ್ಟೇ. ಆರು ವರ್ಷ ಇನ್ನೊಬ್ಬರ ಕಿವಿಯಿಂದ ನನ್ನನ್ನು ಕೇಳಿಕೊಂಡಿದ್ದ ನನಗೆ ಇದು ದೊಡ್ಡ ಪಾಠವೇ ಆಗಿತ್ತು.

2009ರ ಜನವರಿಯಲ್ಲಿ ಅಮ್ಮನ ಮನೆಯ ತಾರಸಿಯ ಮೇಲೆ ಪುರಂದರ-ತ್ಯಾಗರಾಜರ ಆರಾಧನೆ. ಜಮಖಾನ, ಎರಡು ಟ್ಯೂಬ್‌ಲೈಟು, ಬಾಡಿಗೆಯ ಮೈಕು, ಸುಮಾರು ಅರವತ್ತು ಜನ. ಮೊದಲ ಸಾಲಿನಲ್ಲಿ ನಮ್ಮ ಆಂಟಿ ರೇಷ್ಮೆ ಸೀರೆಯುಟ್ಟು ಕುಳಿತಿದ್ದರು. ಹಾಸನದಿಂದ ಅಮ್ಮನೂ ಬಂದಿದ್ದಳು. ನನ್ನ ಪಾಲಿಗೆ ಒಂದು ದೇವರನಾಮ ಬಂದಿತ್ತು. ಪಲ್ಲವಿ ಹೇಗೋ ಸಾಗಿತು. ಅನುಪಲ್ಲವಿಯಲ್ಲಿ ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒಡೆಯಿತು. ಬಿರುಕು ಬಿಟ್ಟ ಮಡಕೆಯ ಹಾಗೆ, ಎಲ್ಲರಿಗೂ ಕೇಳುವಂತೆ. ಅದೇ ಹೊತ್ತಿಗೆ ಕೆಳಗೆ ರೈಲು ಬಂತು. ಅದು ದಾಟುವವರೆಗೂ ಹಾಡಿ ಫಲವಿಲ್ಲ. ತಾರಸಿಯ ಮೇಲೆ ಅಷ್ಟೂ ಜನ ಸುಮ್ಮನೆ ಕುಳಿತಿದ್ದರು. ಎರಡು ವರ್ಷದ ಹಿಂದಾಗಿದ್ದರೆ ಆ ಗದ್ದಲದ ಮರೆಯಲ್ಲಿ ಎದ್ದು ಓಡಿಹೋಗುತ್ತಿದ್ದೆ. ಅಂದು ತೊಡೆಯ ಮೇಲೆ ತಾಳ ಹಾಕುತ್ತಾ ಕುಳಿತೆ. ಕೊನೆಯ ಡಬ್ಬಿ ದಾಟಿ ಶ್ರುತಿ ಮತ್ತೆ ಕೇಳಿಸಿದ ಮೇಲೆ ಅನುಪಲ್ಲವಿಯನ್ನು ಮೊದಲಿನಿಂದ ಎತ್ತಿಕೊಂಡೆ. ಆಗಲೂ ಷಡ್ಜ ಪೂರ್ತಿ ನಿಲ್ಲಲಿಲ್ಲ. ಹಾಡು ಮಾತ್ರ ಮುಗಿಯಿತು. ಮೃದಂಗದ ಹುಡುಗ ನನ್ನತ್ತ ನೋಡಿ ತಲೆಯಾಡಿಸಿದ.

ಅದಾದ ಮುಂದಿನ ವಾರ ಕಚೇರಿಯ ಸಭೆಯಲ್ಲಿ, ಮೇಲಧಿಕಾರಿ ಒಪ್ಪಿಸುತ್ತಿದ್ದ ಲೆಕ್ಕದಲ್ಲಿ ತಪ್ಪಿದೆಯೆಂದು ಎದ್ದು ನಿಂತು ಹೇಳಿದೆ. ದನಿ ನಡುಗಿತು. ನಡುಗುತ್ತಲೇ ಹೇಳಿ ಮುಗಿಸಿದೆ. ಲೆಕ್ಕ ತಪ್ಪಾಗಿತ್ತೆಂದು ಆಮೇಲೆ ಎಲ್ಲರೂ ಒಪ್ಪಿದರು. ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಎರಡನ್ನೂ ಹೇಳಬೇಕಲ್ಲ.

ತಿರುವಯ್ಯಾರಿಗೆ ಹೋದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಆರಾಧನೆಯ ಕಾಲವಲ್ಲ, ಸಾಮಾನ್ಯ ದಿನ. 1952ರಲ್ಲಿ ತೀರಿಕೊಂಡ ನಾಗರತ್ನಮ್ಮನವರ ಸ್ಮಾರಕವೂ ಅಲ್ಲೇ, ತ್ಯಾಗರಾಜರ ಸಮಾಧಿಯ ಸಮೀಪದಲ್ಲೇ ಇದೆ. ಕೈಮುಗಿದು ಕುಳಿತ ಅವರ ಪ್ರತಿಮೆ ಗುಡಿಯ ಕಡೆಗೆ ಮುಖ ಮಾಡಿದೆ. ಅಲ್ಲಿ ಹಾಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ಸುತ್ತಲೂ ಯಾರೂ ಇರಲಿಲ್ಲ. ಮಾಯಾಮಾಳವಗೌಳದ ಮೊದಲ ಸರಳೆಯನ್ನು ಮೂರು ಕಾಲದಲ್ಲಿ ಹಾಡಿ, ಎದ್ದು ಬಂದೆ.

ಊರಿಗೆ ಮರಳಿದ ಮೇಲೆ ಅಮ್ಮನಿಗೆ ಪ್ರಸಾದ ಕೊಟ್ಟು, ಅಷ್ಟು ವರ್ಷಗಳಿಂದ ಕೇಳಲಾರದೆ ಉಳಿದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ: "ಅಮ್ಮಾ, ನನ್ನ ದನಿ ಗಡಸಾ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗಡಸೇ. ಅದಕ್ಕೇ ಕೆಳಗಿನ ಪಂಚಮದಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲುತ್ತೆ. ಎಲ್ಲಿಗೆ ಬಿಟ್ಟಿದ್ವಿ ಹೋದ ವಾರ?" ಎಂದು ಶ್ರುತಿಪೆಟ್ಟಿಗೆಯ ಗುಂಡಿ ಒತ್ತಿದರು.